ಮಾದಲಿಯ ತಿರಮಿಸು

ನಮ್ಮ ಮನೆಯಲ್ಲಿ ಹದಿನಾರು ಕಂಬಗಳಿದ್ದವು, ಬಾಗಿಲು ಮಾತ್ರ ಒಂದೂ ಇರಲಿಲ್ಲ. ಹಂಪಿ ಬಜಾರಿನ ಕಲ್ಲು ಮಂಟಪಗಳ ಸಾಲಿನಲ್ಲಿ ಒಂದು ಮಂಟಪ ನಮ್ಮದು. ಹಿಂದಿನ ಕಾಲದಲ್ಲಿ ಇಲ್ಲಿ ಮುತ್ತು ರತ್ನ ಮಾರುತ್ತಿದ್ದರು ಎಂದು ಗೈಡುಗಳು ಪ್ರವಾಸಿಗಳಿಗೆ ಹೇಳಿಕೊಂಡು ಹೋಗುವಾಗ ಒಳಗಿನಿಂದ ನಮ್ಮ ಅಜ್ಜಿ, "ಈಗ ಉಪ್ಪಿಟ್ಟು ಮಾರ್ತೀವಿ, ಬರ್ರಿ" ಎಂದು ಕೂಗುತ್ತಿದ್ದಳು. ಮಂಟಪದ ಮುಂಭಾಗ ಅವ್ವನ ಹೋಟೆಲು. ಹೋಟೆಲು ಎಂದರೆ ಎರಡು ಒಲೆ, ಒಂದು ಬೆಂಚು, ಆರು ತಟ್ಟೆ. ನಡುವಿನ ಭಾಗದಲ್ಲಿ ನಮ್ಮ ಹಾಸಿಗೆಗಳು, ಟ್ರಂಕುಗಳು. ಗೋಣಿಚೀಲ ಹೊಲಿದು ಮಾಡಿದ ಪರದೆಯ ಹಿಂದೆ ಅಜ್ಜಿಯ ಅಡಿಗೆಮನೆ. ಅಲ್ಲಿ ಕಲ್ಲಿನ ಗೂಡಿನಲ್ಲಿ ಲಿಂಗಪೂಜೆಯ ಸಾಮಾನು, ಅದರ ಕೆಳಗೆ ಮರಳು ಹಾಸಿದ ಕಟ್ಟೆ, ಕಟ್ಟೆಯ ಮೇಲೆ ನೀರಿನ ಹರವಿಗಳು. ಹೊರಗೆ ಬಂಡೆ ಕಾದು ಕಾವಲಿಯಂತೆ ಆಗಿದ್ದರೂ ಆ ಒದ್ದೆ ಮರಳು ಮಾತ್ರ ತಣ್ಣಗಿರುತ್ತಿತ್ತು. ನಮ್ಮ ಪಾಲಿನ ಫ್ರಿಜ್ಜು ಅದೇ. ಅದರ ಹಿಂದಿನ ತಗಡಿನ ಚಪ್ಪರದಲ್ಲಿ ಎಮ್ಮೆ. ಈ ಎಮ್ಮೆಯ ವಿಷಯ ಮುಂದೆ ಬರುತ್ತದೆ, ಅದನ್ನು ಬಿಟ್ಟು ಈ ಕಥೆ ಹೇಳುವುದು ಸಾಧ್ಯವೇ ಇಲ್ಲ.

ಅಜ್ಜಿ, ಅಂದರೆ ಅಪ್ಪನ ತಾಯಿ, ಓದಿದವಳಲ್ಲ. ಆದರೆ ಮನೆಯನ್ನು ಎರಡು ಕಾನೂನಿನ ಮೇಲೆ ನಡೆಸುತ್ತಿದ್ದಳು. ಮೊದಲನೆಯದು, ನಿನ್ನೆಯ ಅಡಿಗೆ ಇವತ್ತು ಮನುಷ್ಯರ ಹೊಟ್ಟೆಗೆ ಹೋಗಬಾರದು. ಮೊಸರು, ಹಿಟ್ಟು ಬಿಟ್ಟು ನೀರು ಬಿದ್ದ ಯಾವ ಪದಾರ್ಥವಾದರೂ ಒಂದು ರಾತ್ರಿ ಕಳೆದರೆ ಅದು ತಂಗಳು, ತಂಗಳು ಎಂದರೆ ಎಮ್ಮೆಯ ಪಾಲು. ಬೆಳಗ್ಗೆ ಎದ್ದ ಕೂಡಲೇ ಅವಳ ಮೊದಲ ಕೆಲಸವೇ ಪಾತ್ರೆಗಳ ಮುಚ್ಚಳ ಎತ್ತಿ ನೋಡುವುದು, ಉಳಿದದ್ದನ್ನೆಲ್ಲ ಮುಸುರೆಯ ಬಾನಿಗೆ ಸುರಿಯುವುದು. ಎರಡನೆಯ ಕಾನೂನು, ನಮ್ಮ ಮನೆಯಲ್ಲಿ ಉಂಡವರು ಎರಡನೇ ಸಲ ಹಾಕಿಸಿಕೊಳ್ಳದೆ ಏಳಬಾರದು. "ಸಾಕ್ರಿ" ಅಂದವರ ಎಲೆಗೆ ಒಂದು ಸೌಟು, "ಬ್ಯಾಡ್ರಿ" ಎಂದು ಕೈ ಅಡ್ಡ ಹಿಡಿದವರಿಗೆ ಕೈ ಸರಿಸಿ ಎರಡು ಸೌಟು. ಹೋಟೆಲಿನ ಗಿರಾಕಿಗೂ ಇದೇ ಕಾನೂನು. ಹೋಟೆಲು ಹೆಚ್ಚು ಬೆಳೆಯಲಿಲ್ಲ ಎನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದು.

ನಾನು ಏಳನೇ ತರಗತಿಯಲ್ಲಿ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಇದನ್ನು ಹೇಳಲು ನನಗೆ ಅಂದೂ ನಾಚಿಕೆ ಇರಲಿಲ್ಲ, ಇಂದೂ ಇಲ್ಲ. ಶಾಲೆಯಲ್ಲಿ ಕೂತಾಗಲೂ ನನ್ನ ಮೂಗು ಬಜಾರಿನ ಕಡೆಗೇ ಇರುತ್ತಿತ್ತು. ಅವ್ವ ಒಗ್ಗರಣೆ ಹಾಕಿದ್ದು ಚಟ್ನಿಗೋ ಉಪ್ಪಿಟ್ಟಿಗೋ ಎಂದು ಮೇಷ್ಟರ ಮುಂದೆ ಕೂತೇ ಹೇಳುತ್ತಿದ್ದೆ. ಹಿಟ್ಟು ಎಷ್ಟು ಹುಳಿ ಬಂದಿದೆ ಎಂದು ಬೆರಳು ಮುಟ್ಟಿಸಿದರೆ ತಿಳಿಯುತ್ತಿತ್ತು, ಭಾಗಾಕಾರ ಎಷ್ಟು ಮುಟ್ಟಿದರೂ ತಿಳಿಯಲಿಲ್ಲ. ಅಪ್ಪನಿಗೆ ಇದು ಹಿಡಿಸಲಿಲ್ಲ. ಅಪ್ಪ ಕಂಪ್ಲಿಯ ಒಂದು ಅಕ್ಕಿಗಿರಣಿಯಲ್ಲಿ ಭತ್ತ ಬೇಯಿಸುವ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಸೋಮವಾರ ಬೆಳಗ್ಗೆ ಸೈಕಲ್ ಹತ್ತಿ ಹೋದರೆ ಶನಿವಾರ ಸಂಜೆ ಬರುವವನು. ವಾರವೆಲ್ಲ ಬೆಂಕಿಯ ಮುಂದೆ ನಿಂತು ದುಡಿಯುವ ಗಂಡಸಿಗೆ ಮಗ ಒಲೆಯ ಮುಂದೆ ಕೂರುವುದು ಯಾಕೆ ಸೇರಲಿಲ್ಲವೋ ನನಗೆ ಅರ್ಥವಾಗುತ್ತಿರಲಿಲ್ಲ. ಅಂತೂ ಒಂದು ಭಾನುವಾರ ಊಟದ ಹೊತ್ತಿಗೆ ಮಾತು ಹೊರಬಿತ್ತು.

"ಸಾಲಿಗೆ ಹೋಗಂಗಿಲ್ಲ ಅಂದ್ಮ್ಯಾಲೆ ಮುಗೀತು. ಬರೋ ಐತಾರ ಬಸಣ್ಣ ಬರ್ತಾನ. ಅವನ ಕೂಡ ಬಂಡ್ರಿಗೆ ಕಳಸ್ತೀನಿ. ಗಣಿ ಲಾರಿ ಮ್ಯಾಲೆ ಕ್ಲೀನರ್ ಆಗ್ಲಿ, ಮುಂದ ಡ್ರೈವರ್ ಆಗ್ತಾನ."

ಬಸಣ್ಣ ಎಂದರೆ ಅವ್ವನ ತಮ್ಮ, ನನ್ನ ಸೋದರಮಾವ. ಸಂಡೂರಿನ ಕಡೆ ಬಂಡ್ರಿಯಲ್ಲಿ ಇದ್ದ, ಅದಿರು ಲಾರಿ ಓಡಿಸುತ್ತಿದ್ದ. ಒಳ್ಳೆಯ ಮನುಷ್ಯ. ಆದರೆ ಅವನು ನಮ್ಮ ಮನೆಗೆ ಬಂದು ಸ್ನಾನ ಮಾಡಿದರೆ ಬಚ್ಚಲಿನ ನೀರು ಮೂರು ಚೊಂಬಿನವರೆಗೆ ಕೆಂಪಗೆ ಹರಿಯುತ್ತಿತ್ತು. ಆ ಕೆಂಪು ನೀರು ನೋಡಿದಾಗೆಲ್ಲ ನಾನು ಎದ್ದು ಹೋಗಿ ಅವ್ವನ ಒಲೆಯ ಹತ್ತಿರ ಕೂರುತ್ತಿದ್ದೆ.

"ನಾ ಹೋಗಂಗಿಲ್ಲ. ಅವ್ವನ ಕೂಡ ಇಲ್ಲೇ ಅಡಿಗಿ ಮಾಡ್ತೀನಿ" ಎಂದೆ.

"ಅಡಿಗಿ ಮಾಡ್ತಾನಂತ ಅಡಿಗಿ! ಏನು ಬರತೈತಲೇ ನಿನಗ? ನಿಮ್ಮವ್ವ ಹಾಕಿದ ಒಗ್ಗರಣಿ ಕಲಸೋದು ಬಿಟ್ರ?"

"ಅವಂಗ ಕೈಗುಣ ಐತಿ" ಎಂದಳು ಅವ್ವ, ಮುಖ ಎತ್ತದೆ.

ಅಪ್ಪ ತಟ್ಟೆಯಲ್ಲಿ ಕೈ ತೊಳೆದ. ಕೈ ತೊಳೆಯುತ್ತ ಹೇಳಿದ ಮಾತು ಅವನು ಎಂದೂ ಬದಲಿಸಿದವನಲ್ಲ.

"ಆಯ್ತು. ಐತಾರದೊಳಗ ಅವನೊಬ್ನ ಒಂದು ಪದಾರ್ಥ ಮಾಡ್ಲಿ. ಪುಗಸಟ್ಟೆ ಸಿಕ್ರ ಮೊದಲ್ನೇ ಸಲ ಎಲ್ಲಾರೂ ತಿಂತಾರ. ಅದನ್ನ ಉಂಡೋರು ತಾವಾಗಿ ಬಾಯಿ ಬಿಟ್ಟು ಎರಡನೇ ಸಲ ಕೇಳಬೇಕು. ಒಬ್ರು ಕೇಳಿದ್ರೂ ಸಾಕು, ಇಲ್ಲೇ ಇರ್ತಾನ. ಆದ್ರ ನೀವು ಅತ್ತಿ ಸೊಸಿ ಒತ್ತಾಯ ಮಾಡಂಗಿಲ್ಲ. ಇನ್ನೊಂದೀಟು ಅಂತ ಒಂದು ಮಾತು ಬಂದ್ರ ಅಲ್ಲಿಗೆ ಬಂಡ್ರಿ."

ಅಜ್ಜಿ ಸೌಟನ್ನು ಹಿಡಿದುಕೊಂಡು ಹಾಗೆಯೇ ನಿಂತುಬಿಟ್ಟಳು. "ಒತ್ತಾಯ ಮಾಡದಂಗ ನೀಡಾದು ಹೆಂಗಲೇ?" ಎಂದು ಕೇಳಿದಳು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ ಪ್ರಶ್ನೆ ಅದು.

ಈ ಮಾತುಕತೆಯನ್ನೆಲ್ಲ ಬೆಂಚಿನ ಮೇಲೆ ಕೂತು ಕೇಳಿಸಿಕೊಂಡವರು ರೀತಾ ಅಮ್ಮ. ಅವರು ಇಟಲಿಯವರು. ಪ್ರತಿ ಚಳಿಗಾಲ ಬಂದು ಎರಡು ತಿಂಗಳು ಬಜಾರಿನಲ್ಲಿ ಕೋಣೆ ಹಿಡಿದು ಇದ್ದು, ಕಲ್ಲುಗಳ ಚಿತ್ರ ಬಿಡಿಸಿಕೊಂಡು, ಮೂರು ಹೊತ್ತೂ ನಮ್ಮಲ್ಲೇ ಉಣ್ಣುತ್ತಿದ್ದರು. ಕನ್ನಡ ಒಂದಷ್ಟು ಬರುತ್ತಿತ್ತು, ಅದೂ ಅಜ್ಜಿಯಿಂದ ಕಲಿತ ಕನ್ನಡ. ಉಳಿದದ್ದು ಕೈಸನ್ನೆ. ನನಗೂ ಬಜಾರು ಎರಡು ಮೂರು ಭಾಷೆಗಳ ಬಾಲ ಹಿಡಿಸಿತ್ತು. ಅವರು ನನ್ನನ್ನು ಹತ್ತಿರ ಕರೆದು, ಬರುವ ಭಾನುವಾರ ನನ್ನ ಗೆಳತಿಯರು ಐದು ಮಂದಿ ಇಲ್ಲೇ ಊಟಕ್ಕೆ ಬರುತ್ತಾರೆ, ನಮ್ಮ ಊರಿನ ಒಂದು ಸಿಹಿ ಹೇಳಿಕೊಡುತ್ತೇನೆ, ಒಲೆಯೇ ಬೇಡ, ಎಂದರು. ಪದರು ಪದರಾಗಿ ಕೂರಿಸುವುದು. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ಒಂದು ಪದರು, ಕೆನೆಯಂಥ ಗಿಣ್ಣು, ಅಂದರೆ ಅವರ ಕಡೆಯ ಚೀಸು, ಒಂದು ಪದರು, ಮತ್ತೆ ಬಿಸ್ಕತ್ತು, ಮತ್ತೆ ಕೆನೆ, ಮೇಲೆ ಚಾಕಲೇಟಿನ ಪುಡಿ. ಹೆಸರು ತಿರಮಿಸು. ಒಲೆಯ ಮುಂದೆ ಕೂರುವ ಆಸೆಯನ್ನು ಒಲೆಯೇ ಬೇಡದ ಅಡಿಗೆಯ ಮೇಲೆ ಪಣಕ್ಕೆ ಒಡ್ಡುತ್ತಿದ್ದೇನಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ. ಗೆಳತಿಯರು ಐದು ಮಂದಿ, ರೀತಾ ಅಮ್ಮ ಒಬ್ಬರು. ಆರು ಬಾಯಲ್ಲಿ ಒಂದು ಬಾಯಿ ಕೇಳದೆ ಇರುತ್ತದೆಯೇ ಎಂದಷ್ಟೇ ಲೆಕ್ಕ ಹಾಕಿದೆ.

ಸಾಮಾನು ಕೂಡಿಸುವುದರಲ್ಲಿ ವಾರ ಹೋಯಿತು. ಆ ಬಿಸ್ಕತ್ತು ನಮ್ಮ ಕಡೆ ಸಿಗುವುದಲ್ಲ. ಹೊಸಪೇಟೆಗೆ ಬಸ್ಸಿನಲ್ಲಿ ಹೋಗಿ ಚಹಾದಲ್ಲಿ ಅದ್ದಿ ತಿನ್ನುವ ಟೋಸ್ಟು ಎರಡು ಪೊಟ್ಟಣ ತಂದೆ. ಆ ಗಿಣ್ಣೂ ಸಿಗುವುದಲ್ಲ. ಅವ್ವ ಎಮ್ಮೆಯ ಗಟ್ಟಿ ಮೊಸರನ್ನು ತೆಳುವಾದ ಬಿಳಿ ಬಟ್ಟೆಯಲ್ಲಿ ಕಟ್ಟಿ ಕಂಬದ ಗೂಟಕ್ಕೆ ತೂಗುಹಾಕಿದಳು. ನೀರೆಲ್ಲ ತೊಟ್ಟಿಕ್ಕಿ ಹೋದ ಮೇಲೆ ಉಳಿದ ಮುದ್ದೆಗೆ ಕೆನೆ, ಪುಡಿ ಸಕ್ಕರೆ ಸೇರಿಸಿ ಉಜ್ಜಿದರೆ ಬೆಣ್ಣೆಯಂತೆ ಆಯಿತು. ರೀತಾ ಅಮ್ಮ ನೆಕ್ಕಿ ನೋಡಿ ತಲೆಯಾಡಿಸಿದರು. ಚಾಕಲೇಟು ಪುಡಿಯ ಒಂದು ಡಬ್ಬಿ ಅವರ ಚೀಲದಲ್ಲೇ ಇತ್ತು. ಕಾಫಿಗೆ ಮಾತ್ರ ರಂಗಮ್ಮನವರ ಮನೆಗೆ ಹೋಗಬೇಕಾಯಿತು. ಅವರು ಗುಡಿಯ ಅರ್ಚಕರ ಮನೆಯವರು, ಬೀದಿಯಲ್ಲಿ ಹಿತ್ತಾಳೆ ಫಿಲ್ಟರ್ ಇದ್ದದ್ದು ಅವರೊಬ್ಬರ ಮನೆಯಲ್ಲೇ. ಮಡಿಯಲ್ಲಿದ್ದವರು ಮೆಟ್ಟಿಲ ಮೇಲೆ ನಿಂತು, ನಾನು ಕೆಳಗೆ ಹಿಡಿದ ಚೊಂಬಿಗೆ ಎತ್ತರದಿಂದ ಡಿಕಾಕ್ಷನ್ ಸುರಿದರು. ಒಂದು ಹನಿ ಆಚೆ ಬೀಳಲಿಲ್ಲ.

"ಇಷ್ಟು ಡಿಕಾಕ್ಷನ್ ಯಾರಿಗೋ ಪಂಪಾಪತಿ? ನಿಮ್ಮನೇಲಿ ಎಲ್ಲಾರೂ ಚಹಾದವರಲ್ಲವೇನೋ?"

"ಟೋಸ್ಟಿಗ್ರಿ."

"ಶಿವನೇ, ಟೋಸ್ಟೂ ಕಾಫಿ ಕುಡಿಯೋ ಕಾಲ ಬಂತೇನೋ!"

ಶುಕ್ರವಾರ ಮಧ್ಯಾಹ್ನ ಎಲ್ಲ ಹರಡಿಕೊಂಡು ಕೂತೆವು. ರೀತಾ ಅಮ್ಮ ತಮ್ಮ ಹುಲ್ಲಿನ ಟೋಪಿಯಲ್ಲಿ ಏನನ್ನೋ ಜೋಪಾನವಾಗಿ ಹಿಡಿದುಕೊಂಡು ಬಂದರು. ಪರದೆ ಸರಿಸಿದ್ದೇ ತಡ, ಅಜ್ಜಿ ಎದ್ದು ಅಡ್ಡ ನಿಂತಳು. ಟೋಪಿಯಲ್ಲಿ ನಾಲ್ಕು ಮೊಟ್ಟೆ.

"ಇದು ಬ್ಯಾಡ ತಾಯಿ. ಒಳಗ ಲಿಂಗಪ್ಪ ಅದಾನ. ಹೊರಗಿಟ್ಟು ಬಾ."

"ಅಜ್ಜಿ, ಇದು ಇಲ್ಲ ಅಂದ್ರೆ ತಿರಮಿಸು ಇಲ್ಲ."

"ಇದು ಇದ್ರ ನಾ ಇಲ್ಲ."

ರೀತಾ ಅಮ್ಮ ಸೋತು ಟೋಪಿಯನ್ನು ಹೊರಗಿನ ಕಟ್ಟೆಯ ಮೇಲೆ ಇಟ್ಟು ಬಂದರು. ಐದು ನಿಮಿಷದಲ್ಲಿ ಒಂದು ಕೋತಿ ಬಂದು ಮೊಟ್ಟೆ ಟೋಪಿ ಎಲ್ಲ ಸೇರಿಸಿ ಎತ್ತಿಕೊಂಡು ಮಂಟಪದ ತಲೆಯ ಮೇಲೆ ಕೂತಿತು. ಮೊಟ್ಟೆಯ ಚರ್ಚೆ ಅಲ್ಲಿಗೆ ಮುಗಿಯಿತು. ಆಮೇಲೆ ಅವರು ಚೀಲದಿಂದ ಒಂದು ಪುಟ್ಟ ಬಾಟಲಿ ತೆಗೆದರು. ಅಜ್ಜಿ ಬಿರಡೆ ತೆಗೆಸಿ ಮೂಸಿದಳು.

"ಏನಿದು?"

"ಔಷಧಿ" ಎಂದರು ರೀತಾ ಅಮ್ಮ, ಕಣ್ಣು ಮಿಟುಕಿಸದೆ.

"ಔಷಧಿ ಆದ್ರ ಜ್ವರ ಬಂದಾಗ ಕುಡಿ. ಈಗ ಚೀಲದಾಗ ಇಡು."

ಉಳಿದದ್ದನ್ನೇ ಪದರು ಪದರಾಗಿ ಕೂರಿಸಿದೆ. ರೀತಾ ಅಮ್ಮ ಕೈ ಹಾಕಲಿಲ್ಲ, ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳಿದರು, ಅಷ್ಟೇ. ಟೋಸ್ಟನ್ನು ಡಿಕಾಕ್ಷನ್ನಿನಲ್ಲಿ ಅದ್ದಿದ್ದು ಗೊತ್ತಾಗಬೇಕು, ಕರಗಿದ್ದು ಗೊತ್ತಾಗಬಾರದು. ಅದು ನನಗೆ ಮೂರನೇ ಟೋಸ್ಟಿಗೇ ಕೈಗೆ ಬಂತು. ದೊಡ್ಡ ಸ್ಟೀಲ್ ಡಬರಿ ತುಂಬಿತು. ಈಗ ಇದನ್ನು ತಣ್ಣನೆಯ ಜಾಗದಲ್ಲಿ ಅಲುಗಿಸದೆ ಇಡು, ಒಂದು ರಾತ್ರಿಯಾದರೂ ಬೇಕು, ಎರಡು ರಾತ್ರಿ ಆದರೆ ಇನ್ನೂ ರುಚಿ, ಎಂದು ಅವರು ಹೇಳಿದರು. ನಾನು ಅದನ್ನು ಹರವಿಗಳ ಸಂದಿನಲ್ಲಿ, ಒದ್ದೆ ಮರಳಿನಲ್ಲಿ ಹೂತಿಟ್ಟು ತಟ್ಟೆ ಮುಚ್ಚಿದೆ. ಆ ಹೊತ್ತಿಗೆ ಅಜ್ಜಿ ದೀಪಕ್ಕೆ ಎಣ್ಣೆ ಒಯ್ಯಲು ಗುಡಿಗೆ ಹೋಗಿದ್ದಳು. ಅವಳಿಗೆ ಹೇಳಬೇಕು ಎಂದು ನನಗಾಗಲಿ ಅವ್ವನಿಗಾಗಲಿ ನೆನಪಾಗಲಿಲ್ಲ. ಹುಟ್ಟಿದಾಗಿನಿಂದ ಅದೇ ಮನೆಯಲ್ಲಿ ಬೆಳೆದು, ಬೆಳಗ್ಗೆ ಮುಚ್ಚಳ ಎತ್ತುವ ಅವಳ ಕೈಯನ್ನು ದಿನಾ ನೋಡಿ, ಅದೇ ಮರೆತೆ.

ಶನಿವಾರ ಬೆಳಗ್ಗೆ ಎದ್ದು ಹರವಿಯ ಕಟ್ಟೆಗೆ ಹೋದರೆ ಡಬರಿ ಇಲ್ಲ. ಅದು ಬೆಳಗಿದ ಪಾತ್ರೆಗಳ ಜೊತೆ ಬಿಸಿಲಿಗೆ ಬೋರಲು ಬಿದ್ದು ಫಳಫಳ ಹೊಳೆಯುತ್ತಿತ್ತು. ಹಿಂದಕ್ಕೆ ಓಡಿದೆ. ಎಮ್ಮೆ ಬಾನಿಯಿಂದ ತಲೆ ಎತ್ತಿ ನನ್ನನ್ನು ನೋಡಿತು. ಕರಿಯ ಮೂತಿಯ ಮೇಲೆ ಬಿಳಿಯ ಮೀಸೆ, ಮೀಸೆಯ ಮೇಲೆ ಕಂದು ಪುಡಿ. ಅಷ್ಟು ತೃಪ್ತಿಯಿಂದ ಮೆಲುಕು ಹಾಕುವ ಪ್ರಾಣಿಯನ್ನು ನಾನು ಮತ್ತೆ ನೋಡಿಲ್ಲ.

"ಅಜ್ಜೀ! ಡಬರ್ಯಾಗಿಂದು ಏನ್ ಮಾಡ್ದಿ?"

"ತಂಗಳ ಬ್ರೆಡ್ಡು, ಹುಳಿ ಮೊಸರು. ನಿನ್ನಿ ನೀವೆಲ್ಲ ತಿಂದು ಬಿಟ್ಟಿದ್ದು ಅಂತ ಎಮ್ಮಿಗೆ ಹಾಕಿದೆ. ಯಾಕಲೇ?"

"ತಿಂದು ಬಿಟ್ಟಿದ್ದಲ್ಲಬೇ! ಅದು ನಾಳಿಗೆ! ಬಂಡ್ರಿದು!"

ಅಜ್ಜಿ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ಎಮ್ಮೆಯ ಮುಖ ನೋಡಿದಳು. ತಪ್ಪಾಯಿತು ಎಂದು ಹೇಳುವುದು ಅವಳ ಜಾಯಮಾನವಲ್ಲ. "ಒಂದಿನ ಇಟ್ಟು ತಿನ್ನಾ ಪದಾರ್ಥ ಯಾವ ದೇಶದಾಗ ಮಾಡ್ತಾರಲೇ" ಎಂದು ಗೊಣಗುತ್ತ ಒಳಗೆ ಹೋದಳು. ನಾನು ಚಪ್ಪರದ ಕಂಬಕ್ಕೆ ಆತು ಕೂತು ಅತ್ತೆ. ಈಗ ಹೇಳಬಹುದು, ಚೆನ್ನಾಗಿಯೇ ಅತ್ತೆ. ರೀತಾ ಅಮ್ಮ ಗೆಳತಿಯರ ಜೊತೆ ನಸುಕಿನಲ್ಲೇ ಸಂಡೂರಿನ ಗುಡ್ಡ ನೋಡಲು ಹೋಗಿದ್ದರು, ಬರುವುದು ಭಾನುವಾರ ಊಟದ ಹೊತ್ತಿಗೇ. ಟೋಸ್ಟು ಒಂದೂ ಉಳಿದಿರಲಿಲ್ಲ. ಅವತ್ತು ಬಸ್ಸು ಹಿಡಿದು ಹೊಸಪೇಟೆಗೆ ಹೋಗಿ ಬಂದರೆ ಮೊಸರು ಕಟ್ಟುವವರು ಯಾರು, ಡಿಕಾಕ್ಷನ್ ಕೇಳುವವರು ಯಾರು.

ಸ್ವಲ್ಪ ಹೊತ್ತಿಗೆ ಅಜ್ಜಿ ಹೊರಗೆ ಬಂದಳು. ಕೈಯಲ್ಲಿ ಒಂದು ದೊಡ್ಡ ತಗಡಿನ ಡಬ್ಬಿ. ಮುಚ್ಚಳ ತೆಗೆದರೆ ಮಾದಲಿ. ಗೋದಿಯ ದಪ್ಪ ರೊಟ್ಟಿ ಸುಟ್ಟು, ಕುಟ್ಟಿ, ಬೆಲ್ಲ, ಪುಟಾಣಿ ಅಂದರೆ ಹುರಿಗಡಲೆ, ಗಸಗಸೆ, ಒಣಕೊಬ್ಬರಿ ಸೇರಿಸಿ ಮಾಡುವ ನಮ್ಮ ಕಡೆಯ ಒಣ ಸಿಹಿ, ನೀರಿನ ಪಸೆ ಇಲ್ಲದ್ದರಿಂದ ಅಜ್ಜಿಯ ಲೆಕ್ಕದಲ್ಲಿ ತಂಗಳಾಗದ್ದು. ಮದುವೆಗೆ, ಹಬ್ಬಕ್ಕೆ ಮಾಡುವಂಥದ್ದು. ಆಗ ಯಾವ ಹಬ್ಬವೂ ಇರಲಿಲ್ಲ.

"ನೀ ಬಂಡ್ರಿಗೆ ಹೋಗಬೇಕಾದ್ರ ಕೊಟ್ಟು ಕಳಸಬೇಕಂತ ಮಾಡಿಟ್ಟಿದ್ದೆ" ಎಂದಳು. "ತಗಾ. ಇಲ್ಲೇ ಖರ್ಚು ಮಾಡು."

ಅವಳು ವಾರದಿಂದ ಯಾರಿಗೂ ಕಾಣದಂತೆ ರೊಟ್ಟಿ ಕುಟ್ಟಿದ್ದಳು ಎಂದು ನನಗೆ ಆಗ ಗೊತ್ತಾಯಿತು. ಮುಖ ಒರೆಸಿಕೊಂಡು ಎದ್ದೆ. ಅವ್ವ ಅವತ್ತು ಹೋಟೆಲಿಗೆ ಮಜ್ಜಿಗೆ ಇಲ್ಲ ಎಂದು ಹೇಳಿ ಇದ್ದಬದ್ದ ಮೊಸರನ್ನೆಲ್ಲ ಬಟ್ಟೆಗೆ ಸುರಿದಳು. ರಂಗಮ್ಮನವರು ಎರಡನೇ ಚೊಂಬು ಡಿಕಾಕ್ಷನ್ ಸುರಿಯುತ್ತ, "ನಿನ್ನೆ ಕೊಟ್ಟಿದ್ದು ಯಾರು ಕುಡಿದ್ರೋ?" ಎಂದರು. "ಎಮ್ಮಿರಿ" ಎಂದೆ. ಅವರು ನಂಬಲಿಲ್ಲ. ಆದರೆ ಎಮ್ಮೆ ಅವತ್ತು ಮಧ್ಯಾಹ್ನ ಮಲಗಲೇ ಇಲ್ಲ, ಗೂಟದ ಸುತ್ತ ಜೋರಾಗಿ ತಿರುಗುತ್ತಲೇ ಇತ್ತು, ಅದನ್ನು ಇಡೀ ಬೀದಿ ನೋಡಿತು. ಮಾದಲಿ ಟೋಸ್ಟಿನಂತೆ ಅಲ್ಲ, ಅದ್ದಿದರೆ ಕೈಗೆ ಬರುವುದಿಲ್ಲ. ನಾಲ್ಕು ಸಲ ಕೆಡಿಸಿ ನೋಡಿದ ಮೇಲೆ ತಿಳಿಯಿತು: ಅದನ್ನು ಡಬರಿಯಲ್ಲಿ ಹರವಿ, ಅಂಗೈಯಿಂದ ಒತ್ತಿ, ಡಿಕಾಕ್ಷನ್ನನ್ನು ಬೆರಳಿನಿಂದ ಚಿಮುಕಿಸಬೇಕು, ತುಳಸಿಗೆ ನೀರು ಹಾಕಿದಂತೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಅದರ ಮೇಲೆ ಮೊಸರಿನ ಕೆನೆ. ಅಜ್ಜಿ ಸುಮ್ಮನಿರಲಾರದೆ ಕೆನೆಗೆ ಏಲಕ್ಕಿ ಪುಡಿ ಉದುರಿಸಿದಳು. ಮತ್ತೆ ಮಾದಲಿ, ಮತ್ತೆ ಕೆನೆ. ರೀತಾ ಅಮ್ಮ ನಮ್ಮಲ್ಲೇ ಬಿಟ್ಟು ಹೋದ ಡಬ್ಬಿಯ ತಳದಲ್ಲಿ ಉಳಿದ ಚಾಕಲೇಟು ಪುಡಿ ಮೇಲೆ.

ಆದರೆ ತಂಗಳಿನ ಕಾನೂನು ಇನ್ನೂ ಹಾಗೆಯೇ ಇತ್ತು. ನಾಳೆಗೆ ಇದೂ ತಂಗಳೇ. ಅಜ್ಜಿ ಡಬರಿಯ ಮುಂದೆ ಬಹಳ ಹೊತ್ತು ಕೂತು ಯೋಚನೆ ಮಾಡಿದಳು. ನಾವು ಅವಳ ಬಾಯಿಯನ್ನೇ ನೋಡುತ್ತಿದ್ದೆವು. ಕೊನೆಗೆ ಡಬರಿಯನ್ನು ಎತ್ತಿ ಪೂಜೆಯ ಗೂಡಿನ ಮುಂದೆ ಇಟ್ಟು, ನೀರು ಸುತ್ತಿ, ಗಂಟೆ ಬಾರಿಸಿ ನೈವೇದ್ಯ ಮಾಡಿದಳು.

"ಈಗ ಇದು ಪ್ರಸಾದ ಆತು. ಪ್ರಸಾದ ತಂಗಳ ಆಗಂಗಿಲ್ಲ" ಎಂದಳು.

ತಟ್ಟೆ ಮುಚ್ಚಿ, ವಿಭೂತಿ ಉಂಡೆ ತೇಯ್ದು, ಮುಚ್ಚಳದ ಮೇಲೆ ಮೂರು ಬೆರಳಿನಿಂದ ಮೂರು ಗೆರೆ ಎಳೆದಳು. ಇನ್ನು ಅದನ್ನು ತೆಗೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅವಳಿಗೂ ಇರಲಿಲ್ಲ. ಸಂಜೆ ಕಂಪ್ಲಿಯಿಂದ ಬಂದ ಅಪ್ಪ ಹರವಿಯ ಪಕ್ಕದಲ್ಲಿ ವಿಭೂತಿ ಹಚ್ಚಿಕೊಂಡು ಕೂತ ಡಬರಿಯನ್ನು ನೋಡಿ ಕೈ ಮುಗಿದು, ಆಮೇಲೆ, "ಏನಿದು?" ಎಂದು ಕೇಳಿದ. ಅವ್ವ ಅವನ ಕೈಗೆ ಚಹಾ ಕೊಟ್ಟಳು.

ಭಾನುವಾರ ಬಂತು. ಬಸಣ್ಣ ಮಾವ ಬೆಳಗ್ಗೆಯೇ ಬಂದು, ಮೂರು ಚೊಂಬು ಕೆಂಪು ನೀರು ಹರಿಸಿ, ಹಣೆಗೆ ವಿಭೂತಿ ಇಟ್ಟುಕೊಂಡು ಕೂತ. ಅಪ್ಪನ ಷರತ್ತು ಅವನಿಗೆ ಗೊತ್ತಿರಲಿಲ್ಲ, ಹೇಳಬಾರದು ಎಂದು ಅಪ್ಪನೇ ತಾಕೀತು ಮಾಡಿದ್ದ. ಮಧ್ಯಾಹ್ನ ರೀತಾ ಅಮ್ಮ, ಐದು ಮಂದಿ ಗೆಳತಿಯರು, ಮಾವ, ಎಲ್ಲ ಒಂದೇ ಸಾಲಿನಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತರು. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಅನ್ನ, ಸಾರು. ಅವನ್ನೆಲ್ಲ ಅಜ್ಜಿ ತನ್ನ ಕಾನೂನಿನಂತೆಯೇ ಬಡಿಸಿದಳು, ಕೈ ಸರಿಸಿ ಸರಿಸಿ ಹಾಕಿದಳು. ಆಮೇಲೆ ಡಬರಿ ಬಂತು. ಮಾಡಿದವನು ನಾನು, ಆದ್ದರಿಂದ ಸೌಟೂ ನನ್ನ ಕೈಯಲ್ಲೇ. ವಿಭೂತಿಯ ಮುಚ್ಚಳ ತೆಗೆದೆ. ಎಲ್ಲರ ತಟ್ಟೆಗೂ ಒಂದೊಂದು ಹೋಳು ಹಾಕಿದೆ. ಪದರು ಕಾಣುತ್ತಿತ್ತು, ಕಂದು, ಬಿಳಿ, ಕಂದು, ಬಿಳಿ. ಅಪ್ಪ ತಾನು ಹಾಕಿಸಿಕೊಳ್ಳದೆ ಎದುರಿನ ಕಂಬಕ್ಕೆ ಆತು ಕೈಕಟ್ಟಿ ನಿಂತಿದ್ದ.

ರೀತಾ ಅಮ್ಮ ಒಂದು ಚಮಚ ಬಾಯಿಗೆ ಇಟ್ಟರು. ಅಗಿದರು. ತಿರಮಿಸು ಅಗಿಯುವ ಪದಾರ್ಥ ಅಲ್ಲ ಎಂದು ನನಗೆ ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ನನ್ನ ಕಡೆ ನೋಡಿ ನಕ್ಕರು, ಆದರೆ ಸುಳ್ಳು ಹೇಳುವವರಲ್ಲ.

"ಪಂಪಾ, ಇದು ಅದಲ್ಲ."

ನಾನು ಎಮ್ಮೆಯ ಕಥೆ ಹೇಳಿದೆ. ಅವರು ಅದನ್ನು ತಮ್ಮ ಭಾಷೆಯಲ್ಲಿ ಗೆಳತಿಯರಿಗೆ ಹೇಳಿದರು. ಆರು ಮಂದಿಯೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು, ತಟ್ಟೆಯಲ್ಲಿದ್ದದ್ದನ್ನು ಖಾಲಿ ಮಾಡಿದರು, ಬಾಯಿ ಒರೆಸಿಕೊಂಡರು. ಒಬ್ಬರೂ ಕೇಳಲಿಲ್ಲ. ಅವರ ದೇಶದಲ್ಲಿ ಬಡಿಸುವವರು ಕೇಳದೆ ಉಣ್ಣುವವರು ಕೇಳುವ ಪದ್ಧತಿ ಇರಲಿಲ್ಲವೋ, ಅಥವಾ ಅಜ್ಜಿ ಹಾಕಿದ ರೊಟ್ಟಿಗಳ ಮೇಲೆ ಜಾಗ ಇರಲಿಲ್ಲವೋ. ಅಜ್ಜಿ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಅಪ್ಪ ಕೆಮ್ಮಿದ. ಅವಳ ಬಲಗೈ ತಾನಾಗಿಯೇ ಸೌಟಿನ ಕಡೆ ಬರುತ್ತಿತ್ತು, ಎಡಗೈಯಿಂದ ಅದನ್ನು ಹಿಡಿದುಕೊಂಡು ಕೂತಳು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಹೊರಗೆ ನೋಡುತ್ತಿದ್ದಳು. ಹಿಂದಿನ ಚಪ್ಪರದಲ್ಲಿ ಎಮ್ಮೆ ಬಾಲ ಬೀಸುವುದು ಕೇಳಿಸುತ್ತಿತ್ತು. ನನ್ನ ಟ್ರಂಕು ಕಣ್ಣ ಮುಂದೆ ಬಂತು, ಕೆಂಪು ಧೂಳಿನ ಲಾರಿ ಬಂತು. ಸೌಟನ್ನು ಡಬರಿಯ ಒಳಗೆ ಇಟ್ಟು ಮುಚ್ಚಳಕ್ಕೆ ಕೈ ಹಾಕಿದೆ.

ಆಗ ಸಾಲಿನ ತುದಿಯಿಂದ ತಟ್ಟೆ ನೆಲಕ್ಕೆ ಕುಟ್ಟಿದ ಸದ್ದಾಯಿತು.

"ಯಾಕಬೇ ಅಕ್ಕಾ, ಏನಾಗೈತಿ ಈ ಮನಿಗೆ?" ಬಸಣ್ಣ ಮಾವನ ಮುಖ ಸಿಟ್ಟಿನಿಂದ ಕೆಂಪಾಗಿತ್ತು. "ಆವಾಗಿಂದ ನೋಡಾಕತ್ತೀನಿ. ರೊಟ್ಟಿ ಹಾಕಿದ್ರಿ, ಅನ್ನ ಹಾಕಿದ್ರಿ, ಬ್ಯಾಡ ಬ್ಯಾಡ ಅಂದ್ರೂ ಸುರುವಿದ್ರಿ. ಚಲೋ ಪದಾರ್ಥ ಬಂದ ಕೂಡ್ಲೇ ಎಲ್ಲಾರ ಬಾಯಿ ಬಂದ್! ತವರುಮನಿ ತಮ್ಮಗ ಇನ್ನೊಂದೀಟು ತಗಾ ಅಂತ ಒಂದ್ ಮಾತು ಅನ್ನಂಗಿಲ್ಲೇನು? ಹಾಕಲೇ ಪಂಪ್ಯಾ, ಇನ್ನೊಂದೀಟು ಹಾಕು!"

ಅಜ್ಜಿ ಎರಡೂ ಕೈ ಬಿಟ್ಟಳು. ಅವ್ವ ನಗಲು ಶುರು ಮಾಡಿದವಳು ನಿಲ್ಲಿಸಲಿಲ್ಲ. ನಾನು ಮಾವನ ತಟ್ಟೆಗೆ ಒಂದರ ಮೇಲೊಂದು ಮೂರು ಹೋಳು ಹಾಕಿದೆ.

"ಅದು ಸಿಟ್ಟಿಗೆ ಕೇಳಿದ್ದು" ಎಂದ ಅಪ್ಪ, ಕಂಬದ ಕಡೆಯಿಂದ. "ರುಚಿಗೆ ಕೇಳಿದ್ದಲ್ಲ."

"ಏನ್ ಮಾವ, ಹಂಗಂದ್ರ?" ಎಂದು ಬಸಣ್ಣ ಮಾವ ಬಾಯಿ ತುಂಬಿಕೊಂಡೇ ಅಪ್ಪನನ್ನು ಕೇಳಿದ. ಅಜ್ಜಿ ಷರತ್ತಿನ ವಿಷಯವನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಮಾವ ಮೆಲ್ಲುವುದನ್ನು ನಿಲ್ಲಿಸಿ ನನ್ನನ್ನು ನೋಡಿದ, ಡಬರಿಯನ್ನು ನೋಡಿದ. ಎರಡನೇ ಸಲದ್ದನ್ನು ಬಳಿದು ತಿಂದು, ತಟ್ಟೆ ಮತ್ತೆ ಚಾಚಿದ.

"ಇದು ರುಚಿಗೆ. ಹಾಕು. ಇಂವನ್ನ ಬಂಡ್ರಿಗೆ ಕರಕೊಂಡು ಹೋದ್ರ ಇದನ್ನ ಮಾಡೋರು ಯಾರು ಮಾವ? ಕ್ಲೀನರ್ ಹುಡುಗ್ರು ನನಗ ಹತ್ತು ಮಂದಿ ಸಿಗ್ತಾರ."

ಅಪ್ಪ ಕಟ್ಟಿದ ಕೈ ಬಿಚ್ಚಿದ. ಸಾಲಿನ ಕೊನೆಯಲ್ಲಿ, ಮಾವನ ಪಕ್ಕದಲ್ಲಿ ಬಂದು ಕೂತ. ಕೂತ ಮೇಲೆ ಅಜ್ಜಿಯನ್ನು ಯಾರು ತಡೆಯುತ್ತಾರೆ? ಅಪ್ಪನ ಕೈ ಸರಿಸಿ ಸರಿಸಿ ಅವಳೇ ಹಾಕಿದಳು. ಅಪ್ಪ ತಿಂದದ್ದು ಎಷ್ಟು ಎಂದು ನಾನು ನೋಡಲಿಲ್ಲ, ಕಣ್ಣು ಮಂಜಾಗಿತ್ತು. ಮುಂದಿನ ಶನಿವಾರ ಸಂಜೆ ಅವನು ಕಂಪ್ಲಿಯಿಂದ ಬಂದಾಗ ಸೈಕಲ್ಲಿನ ಹಿಂದೆ ಒಂದು ಹೊಸ ಅಲ್ಯುಮಿನಿಯಂ ಬೋಗುಣಿ ಕಟ್ಟಿಕೊಂಡು ಬಂದಿದ್ದ. ಐವತ್ತು ಮಂದಿಯ ಅಡಿಗೆ ಹಿಡಿಯುವಂಥದ್ದು. ನನ್ನ ಮುಂದೆ ಇಳಿಸಿ, "ತಳ ಹತ್ತಿಸಬ್ಯಾಡ" ಎಂದ. ಅಷ್ಟೇ ಮಾತು.

ಆ ಬೋಗುಣಿಯಲ್ಲಿ ಈಗಲೂ ನನ್ನ ಖಾನಾವಳಿಯ ಸಾರು ಕುದಿಯುತ್ತದೆ. ಹೊಸಪೇಟೆಗೆ ಬಂದು ಇಷ್ಟು ವರ್ಷಗಳಾದವು. ಬಜಾರಿನ ಆ ಮಂಟಪಗಳಲ್ಲಿ ಈಗ ಯಾರೂ ಅಡಿಗೆ ಮಾಡುವುದಿಲ್ಲ, ನಮ್ಮ ಒಲೆಯ ಮಸಿ ಮಾತ್ರ ಒಂದು ಕಂಬದ ಮೇಲೆ ಇದೆ, ಹೋದಾಗೆಲ್ಲ ಕೈಯಿಂದ ಮುಟ್ಟಿ ನೋಡುತ್ತೇನೆ. ಓದಿದವರು ಹನ್ನೊಂದು ಮಂದಿ ನನ್ನ ಕೈಕೆಳಗೆ ಕೆಲಸ ಮಾಡಿ ಹೋಗಿದ್ದಾರೆ, ಒಬ್ಬರಿಗೂ ಹಿಟ್ಟಿನ ಹುಳಿ ಬೆರಳಿನಲ್ಲಿ ತಿಳಿಯಲಿಲ್ಲ. ಅವರಲ್ಲಿ ಯಾರಾದರೂ ನನ್ನ ಓದು ಎಲ್ಲಿವರೆಗೆ ಎಂದು ಕೇಳಿದರೆ ಮಂಟಪದವರೆಗೆ ಎನ್ನುತ್ತೇನೆ.

ಕಳೆದ ವಾರ ಮೊಮ್ಮಗಳು ಸಹನಾ ಫೋನಿನಲ್ಲಿ ನೋಡಿಕೊಂಡು ತಿರಮಿಸು ಮಾಡಿದಳು. ಮೊಟ್ಟೆ ಇಲ್ಲದ್ದು, ಅಷ್ಟರ ಮಟ್ಟಿಗೆ ಅಜ್ಜಿಯ ಕಾನೂನು ನಮ್ಮ ಮನೆಯಲ್ಲಿ ಇನ್ನೂ ಇದೆ. ಉಳಿದದ್ದೆಲ್ಲ ಅಸಲಿ. ಉದ್ದನೆಯ ಬಿಸ್ಕತ್ತು, ಡಬ್ಬಿಯಲ್ಲಿ ಬಂದ ಗಿಣ್ಣು, ಎಲ್ಲ ಆನ್‌ಲೈನಿನಲ್ಲಿ ತರಿಸಿದ್ದಳು. ರಾತ್ರಿ ಫ್ರಿಜ್ಜಿನಲ್ಲಿ ಇಡುವ ಮೊದಲು ನಾನು ವಿಭೂತಿ ತಂದು ಮುಚ್ಚಳದ ಮೇಲೆ ಮೂರು ಗೆರೆ ಎಳೆದೆ. "ತಾತಾ, ಇದೇನು ಫ್ರಿಜ್ಜಿಗೂ ಪೂಜಿ?" ಎಂದು ನಕ್ಕಳು. ಅವಳಿಗೆ ಹೇಳಲು ಶುರು ಮಾಡಿದ್ದೇ ಈ ಕಥೆ ಆಯಿತು. ಮರುದಿನ ಊಟ ಆದ ಮೇಲೆ ಎಲ್ಲರ ತಟ್ಟೆಗೂ ಒಂದೊಂದು ಹೋಳು ಹಾಕಿದಳು. ಬಾಯಿಗೆ ಇಟ್ಟರೆ ಹಾಗೆಯೇ ಕರಗಿತು. ಅಗಿಯುವುದು ಏನೂ ಇರಲಿಲ್ಲ.

"ಹ್ಯಾಂಗೈತಿ ತಾತಾ?"

"ಇದು ಅದಲ್ಲ" ಎಂದೆ.

ಅವಳ ಮುಖ ಸಣ್ಣದಾಯಿತು. ಡಬ್ಬಿಯ ಮುಚ್ಚಳ ಹಾಕಲು ಹೋದಳು. ಈಗಿನ ಮಕ್ಕಳು ಒತ್ತಾಯ ಮಾಡುವುದಿಲ್ಲ, ಬೇಕಾದವರು ಕೇಳುತ್ತಾರೆ ಎಂದು ಬಿಡುತ್ತಾರೆ. ನಾನು ತಟ್ಟೆಯನ್ನು ನೆಲಕ್ಕೆ ಕುಟ್ಟಿದೆ.

"ಯಾಕ, ಏನಾಗೈತಿ ಈ ಮನಿಗೆ? ಇನ್ನೊಂದೀಟು ಅನ್ನೋರು ಒಬ್ರೂ ಇಲ್ಲೇನು?"